ಮೊದಲ ಬೇಟೆಯ ಪಾಲು

ಆಲಾಸಿ ಅತ್ತೆಯ ಎಡಗಾಲಿನಲ್ಲಿ ಬೆರಳುಗಳಿಲ್ಲ. ಬಲಗಾಲಿನಲ್ಲಿ ಹೆಬ್ಬೆರಳೊಂದು ಉಳಿದಿದೆ. ಬಹಳ ಹಿಂದಿನ ಒಂದು ಚಳಿಗಾಲದಲ್ಲಿ, ಹೆರಿಗೆ ಮಾಡಿಸಲೆಂದು ಹಿಮಗಾಳಿಯಲ್ಲಿ ನಡೆದು ಹೋದಾಗ ಉಳಿದ ಬೆರಳುಗಳು ಹೆಪ್ಪುಗಟ್ಟಿ ಸತ್ತವು. ಮಗು ಬದುಕಿತು. ಆ ಮಗು ಈಗ ಹೆಂಗಸಾಗಿ ನಮ್ಮ ವಿಮಾನದ ಮೈದಾನದಲ್ಲಿ ಪೆಟ್ಟಿಗೆ ತೂಗುವ ಕೆಲಸದಲ್ಲಿದ್ದಾಳೆ. "ಕರ್ತನು ಕೊಟ್ಟಿದ್ದ, ಕರ್ತನೇ ತಗೊಂಡ, ನೆನಪಿಗೆ ಒಂದು ಬಿಟ್ಟ" ಎಂದು ಅತ್ತೆ ನಗುತ್ತಾಳೆ.

ಹೀಗಾಗಿ ಅತ್ತೆಗೆ ನಾನು ಕಾಲು. ನಾನೆಂದರೆ ನನ್ನ ಹೋಂಡಾ. ನಾಲ್ಕು ದಪ್ಪ ಚಕ್ರದ, ಕಲ್ಲು ಕೆಸರು ಹಿಮ ಯಾವುದಕ್ಕೂ ಹೆದರದ ಬಂಡಿ. ಯಾವ ಕಂಪನಿ ಮಾಡಿದ್ದಾದರೂ ಉತ್ತರದ ಹಿಮನಾಡಿನ ಉಂಗಾವಾ ಕೊಲ್ಲಿಯ ನಮ್ಮ ಊರಿನಲ್ಲಿ ಅದಕ್ಕೆ ಹೋಂಡಾ ಎಂದೇ ಹೆಸರು. ಅದರ ಮೇಲೆ ಒಬ್ಬರೇ ಕೂರಬೇಕೆಂದು ಮಾಡಿದವರು ಸೀಟಿನ ಪಕ್ಕ ಚೀಟಿ ಅಂಟಿಸಿ ಕಳಿಸುತ್ತಾರೆ. ಮಾಡಿದವರಿಗೆ ಅತ್ತೆಯರಿಲ್ಲವೇನೋ.

ನಮಗಿದ್ದಾರೆ. ಆದ್ದರಿಂದ ಓಡಿಸುವವನ ಬೆನ್ನಿಗೆ ಅಂಟಿಕೊಂಡು ಒಬ್ಬ ಬಾಣಂತಿ, ಅವಳ ಅಂಗಿಯ ಬೆನ್ನಿನ ದೊಡ್ಡ ಕುಲಾವಿಯೊಳಗೆ ಕೂಸು, ಹಿಂದಿನ ಕಬ್ಬಿಣದ ಅಟ್ಟಣೆಯ ಮೇಲೆ ಕ್ಯಾರಿಬೂ ಜಿಂಕೆಯ ಚರ್ಮ ಹಾಸಿ ಒಬ್ಬ ಮುದುಕಿ. ಮುದುಕರು ಹಿಂದಕ್ಕೆ ಮುಖ ಮಾಡಿ ಕೂರುತ್ತಾರೆ. ಗಾಳಿ ಮುಖಕ್ಕೆ ಬಡಿಯುವುದಿಲ್ಲ. ಬಂದ ದಾರಿ ಕಾಣುತ್ತಿರುತ್ತದೆ. ಮುಂದಿನ ಅಟ್ಟಣೆಯ ಮೇಲೆ ಕೆಟಲ್ಲು. ಇಷ್ಟು ಹೊತ್ತುಕೊಂಡು ಹೋಗದವನನ್ನು ನಮ್ಮಲ್ಲಿ ಯಾರೂ ಒಳ್ಳೆಯ ಮನುಷ್ಯ ಎನ್ನುವುದಿಲ್ಲ.

ನನ್ನ ಹೆಸರು ಪುಟುಲಿಕ್. ಇಗರ್ಜಿಯ ಗಂಟೆ ಹೊಡೆಯುವವನು. ಪಾದ್ರಿಗಳು ಬೇರೆ ಊರಿಗೆ ಹೋದ ಭಾನುವಾರ ವಾಕ್ಯ ಓದುವವನೂ ನಾನೇ. ಗಂಟೆ ಹೊಡೆದು, ಕೆಳಗಿಳಿದು, ನಡೆಯಲಾಗದವರನ್ನೆಲ್ಲ ಹೋಂಡಾದ ಮೇಲೆ ಹೇರಿಕೊಂಡು ಏರು ಹತ್ತಿಸಿ, ಆಮೇಲೆ ಪ್ರಾರ್ಥನೆ ಶುರು ಮಾಡುವುದು. ಎರಡೂ ಒಂದೇ ಕೆಲಸ ಎಂದು ನಾನು ತಿಳಿದಿದ್ದೆ.

ಆ ವರ್ಷ ಮಂಜು ಕರಗುವ ಹೊತ್ತಿಗೆ ಊರ ಕಚೇರಿಗೆ ದಕ್ಷಿಣದಿಂದ ಹೊಸ ಮ್ಯಾನೇಜರ್ ಬಂದ. ರೋಲಾಂ ಎಂದು ಹೆಸರು. ಎದೆಯವರೆಗೆ ಗಡ್ಡ. ನಮ್ಮವರು ಅದೇ ದಿನ ಅವನಿಗೆ ದೊಡ್ಡಗಡ್ಡ ಎಂದು ನಾಮಕರಣ ಮಾಡಿದರು. ಬಂದ ತಿಂಗಳಿಗೇ ಅಂಗಡಿ ಬಾಗಿಲಿಗೆ ಒಂದು ಕಾಗದ ಅಂಟಿಸಿದ. ಹೋಂಡಾದ ಮೇಲೆ ಓಡಿಸುವವನೊಬ್ಬನೇ ಇರತಕ್ಕದ್ದು. ಪ್ಯಾಸೆಂಜರನ್ನು ಕೂರಿಸಿಕೊಂಡರೆ ದಂಡದ ಚೀಟಿ. ಚೀಟಿ ಬರೆದ ಕೂಡಲೇ ಹೋಂಡಾ ಜಪ್ತಿ, ಕಚೇರಿಯ ಗ್ಯಾರೇಜಿಗೆ.

ಕೇಳಿದರೆ, ವಿಮೆಯವರು ಹೇಳಿದ್ದಾರೆ ಎಂದ. ವಿಮೆಯವರು ಯಾರು, ಅವರು ಯಾವತ್ತಾದರೂ ನಮ್ಮ ಊರಿಗೆ ಬಂದಿದ್ದಾರಾ ಎಂದು ಯಾರೂ ಕೇಳಲಿಲ್ಲ. ಊರ ಸಭೆಯಲ್ಲಿ ಇಂಗ್ಲಿಷಿನಲ್ಲಿ ಓದಿದ. ನಮ್ಮ ಮೇಯರ್ ಇಲೈಜಾ ತಲೆಯಾಡಿಸಿದ. ನಮ್ಮಲ್ಲಿ ಹೊಸಬನ ಎದುರು ಇಲ್ಲ ಅನ್ನುವುದು ಒರಟುತನ.

ಕಚೇರಿಯ ಟ್ರಕ್ಕಿನಲ್ಲಿ ಐದು ಸೀಟು. ಅದರಲ್ಲಿ ಒಬ್ಬನೇ ಕೂತು ಓಡಾಡುತ್ತಾನೆ. ನಮ್ಮ ಹೋಂಡಾದಲ್ಲಿ ಒಂದೇ ಸೀಟು. ಅದರಲ್ಲಿ ನಾವು ಐದು ಜನ ಕೂರುತ್ತೇವೆ. ತಪ್ಪು ನಮ್ಮದಂತೆ.

ಮೊದಲು ಸಿಕ್ಕಿದ್ದು ನಾನೂ ಅತ್ತೆಯೂ. ಭಾನುವಾರ, ಪ್ರಾರ್ಥನೆ ಮುಗಿದು ಇಳಿಯುತ್ತಿದ್ದೆವು. ಗಾಳಿ ಜೋರಿತ್ತು. ಏರಿನ ಅರ್ಧದಲ್ಲಿ ಟ್ರಕ್ಕು ಅಡ್ಡ ನಿಂತಿತು. ಗಾಜು ಇಳಿಯಿತು. ಒಳಗಿನ ಬಿಸಿಗಾಳಿ ನನ್ನ ಮುಖಕ್ಕೆ ತಾಗಿತು.

"ಆಕೆಯನ್ನು ಇಳಿಸು" ಅಂದ ದೊಡ್ಡಗಡ್ಡ.

"ಇವಳಿಗೆ ನಡೆಯೋಕಾಗಲ್ಲ."

"ನಿಯಮ ಎಲ್ಲರಿಗೂ ಒಂದೇ."

"ಹಂಗಾದ್ರೆ ನಿಮ್ಮ ಟ್ರಕ್ಕಲ್ಲಿ ಕೂರಿಸ್ಕೊಳ್ಳಿ. ಮನೆ ಅಲ್ಲೇ ಕೆಳಗೆ ಕಾಣ್ತಿದೆ."

"ಇದು ಕಚೇರಿಯ ವಾಹನ. ನೌಕರರಿಗೆ ಮಾತ್ರ. ಇವತ್ತು ಬಾಯಲ್ಲಿ ಹೇಳುತ್ತಿದ್ದೇನೆ. ಮುಂದಿನ ಸಲ ಚೀಟಿ, ಹೋಂಡಾ ಎರಡೂ."

ಅತ್ತೆ ಇಳಿದಳು. ನಾನು ಎಂಜಿನ್ ಆರಿಸಿ ಹೋಂಡಾವನ್ನು ತಳ್ಳಿದೆ. ಅತ್ತೆ ಅಟ್ಟಣೆಯ ಕಬ್ಬಿಣ ಹಿಡಿದು ನಡೆದಳು. ಬೆರಳಿಲ್ಲದ ಪಾದ ಜಲ್ಲಿಯ ಮೇಲೆ ನಿಲ್ಲುವುದಿಲ್ಲ. ಜಾರುತ್ತದೆ. ಜಾರಿದಾಗ ಇಡೀ ಮೈಭಾರ ತೋಳಿಗೆ ಬೀಳುತ್ತದೆ. ಹೆಜ್ಜೆಹೆಜ್ಜೆಗೂ ಅವಳ ಹಲ್ಲು ಕಟಕಟ ಎನ್ನುವುದು ನನಗೆ ಕೇಳುತ್ತಿತ್ತು. ಟ್ರಕ್ಕು ನಮ್ಮ ಹಿಂದೆಯೇ ತೆವಳುತ್ತ ಬಂತು. ಮತ್ತೆ ಹತ್ತಿಸಿಕೊಂಡು ಬಿಟ್ಟೇನೋ ಎಂದು ಕಾವಲು. ನಾಲ್ಕು ಸೀಟು ಖಾಲಿ.

ಅರ್ಧ ದಾರಿಯಲ್ಲಿ ಅತ್ತೆ ನಿಂತಳು. ಅವಳ ಲಂಗದ ಕೆಳಗೆ ಜಲ್ಲಿ ಕಪ್ಪಾಯಿತು. ಹಬೆ ಎದ್ದಿತು. ನಾನು ಕಾಣದವನಂತೆ ಸಮುದ್ರದ ಕಡೆ ತಿರುಗಿದೆ. ಮನೆಗಳ ಕಿಟಕಿಗಳಲ್ಲಿ ಜನ ಇದ್ದರು. ಅವರೂ ತಿರುಗಿಕೊಂಡರು. ಟ್ರಕ್ಕಿನವನು ಮಾತ್ರ ನೋಡುತ್ತಿದ್ದ.

ಆಮೇಲೆ ಅತ್ತೆ ಹೊರಗೆ ಬರಲಿಲ್ಲ. ಹೂ ಬಿಡುವ ಕಾಲ ಹೋಯಿತು, ಸೊಳ್ಳೆಯ ಕಾಲ ಹೋಯಿತು. ಭಾನುವಾರ ನಾನೇ ಅವಳ ಮನೆಗೆ ಹೋಗಿ ಓದಿದ ವಾಕ್ಯವನ್ನು ಇನ್ನೊಮ್ಮೆ ಓದುತ್ತಿದ್ದೆ.

"ಇನ್ನು ನನ್ನನ್ನ ಪೆಟ್ಟಿಗೇಲಿ ಮಲಗಿಸಿ ಹೋಂಡಾಕ್ಕೆ ಕಟ್ಟಿ ಎಳ್ಕೊಂಡು ಹೋಗಪ್ಪ. ಸತ್ತೋರನ್ನ ಸಾಗಿಸಬಾರದು ಅಂತ ಅವನ ಕಾಗದದಲ್ಲಿ ಇಲ್ವಲ್ಲ" ಅಂದಳು ಒಂದು ದಿನ.

ನನಗೆ ಸಿಟ್ಟು ಕೊಡಬೇಡ ಎಂದು ಮಂಡಿಯೂರಿ ಕರ್ತನನ್ನು ಬೇಡಿದೆ. ಆತ ಕೊಟ್ಟ. ಬೇಕಾದಷ್ಟು ಕೊಟ್ಟ.

ಇಷ್ಟರಲ್ಲಿ ದೊಡ್ಡಗಡ್ಡನಿಗೆ ತಾನೇ ದಿನವೂ ದಾರಿ ಕಾಯುವುದು ಬೇಸರವಾಯಿತು. ಒಬ್ಬ ಕಾವಲಿನವನನ್ನು ನೇಮಿಸಿದ. ನಮ್ಮ ಹುಡುಗನೇ. ಜುವಾನಸಿ. ಹೊಳೆಯುವ ಪಟ್ಟಿಯ ಕೋಟು, ಸೊಂಟಕ್ಕೆ ಬೆಲ್ಟು, ಜೇಬಿನಲ್ಲಿ ದಂಡದ ಚೀಟಿಯ ಪುಸ್ತಕ. ಮನೆಯಲ್ಲಿ ಹೆಂಡತಿ, ಇಬ್ಬರು ಕೂಸುಗಳು, ಹಾಸಿಗೆ ಹಿಡಿದ ಮಾವ. ಕೆಲಸ ಬೇಕಿತ್ತು.

ಜುವಾನಸಿಯ ಹೊಕ್ಕುಳ ಬಳ್ಳಿ ಕೊಯ್ದವಳು ಆಲಾಸಿ ಅತ್ತೆ. ಇದು ದೊಡ್ಡಗಡ್ಡನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಅದರ ತೂಕ ತಿಳಿಯುತ್ತಿರಲಿಲ್ಲ. ಬಳ್ಳಿ ಕೊಯ್ದು ಮೊದಲ ಬಟ್ಟೆ ತೊಡಿಸಿದವಳು ನಮ್ಮಲ್ಲಿ ಸನಜಿ. ಮಾಡಿದವಳು ಎಂದರ್ಥ. ಹೆತ್ತವಳು ಹೆತ್ತಳು, ಸನಜಿ ಮನುಷ್ಯನನ್ನಾಗಿ ಮಾಡಿದಳು. ಹಾಗಾಗಿ ಆ ಮಗು ಬೆಳೆದು ಕೈಯಾರೆ ಗಳಿಸಿದ ಮೊದಲನೆಯದೆಲ್ಲ ಸನಜಿಗೆ. ಮೊದಲ ಮೀನು, ಮೊದಲ ಬಾತು, ಹಿಮಗಡಲಿನ ಸೀಲು ಪ್ರಾಣಿಯಲ್ಲಿ ಮೊದಲನೆಯದು. ಅವಳು ಅದನ್ನು ಕಂಡ ಕೂಡಲೇ ಊರಿಗೆ ಕೇಳುವಂತೆ ಕೂಗಬೇಕು, ಕುಣಿಯಬೇಕು, ತನ್ನ ಚಾಕುವಿನಿಂದ ಕೊಯ್ದು ಅಲ್ಲಿದ್ದವರಿಗೆಲ್ಲ ಹಂಚಬೇಕು. ಬೇಟೆಗಾರ ಮಾತ್ರ ಒಂದು ಚೂರೂ ಮುಟ್ಟುವಂತಿಲ್ಲ. ತಪ್ಪಿಸಿ ಬೇರೆ ಯಾರಿಗಾದರೂ ಕೊಟ್ಟರೆ ಅವನ ಕೈಗೆ ಮುಂದೆ ಏನೂ ಹತ್ತುವುದಿಲ್ಲ.

ಜುವಾನಸಿ ದಾರಿಯಲ್ಲಿ ನಿಂತಿರುತ್ತಿದ್ದ. ಐದು ಜನರನ್ನು ಹೊತ್ತ ಹೋಂಡಾ ಬಂದರೆ ಕೈ ಅಡ್ಡ ಹಿಡಿಯುತ್ತಿದ್ದ.

"ಇಳೀರಪ್ಪ, ಸ್ವಲ್ಪ ಇಳಿದಂಗೆ ಮಾಡಿ. ಆ ತಿರುವಿನ ತನಕ ನಡೀರಿ, ಆಮೇಲೆ ನಾನು ಈ ಕಡೆ ನೋಡ್ತಿರ್ತೀನಿ."

"ಏ ಜುವಾನಸಿ, ಕೋಟು ಚೆನ್ನಾಗಿದೆ ಕಣೋ. ಮೀನು ಹೆದರಿಸೋಕೆ ಕೊಟ್ಟಿದಾರಾ?"

"ನಗಬೇಡ್ರೋ. ದೊಡ್ಡಗಡ್ಡ ಕಿಟಕೀಲಿದಾನೆ."

ಒಂದು ಚೀಟಿಯೂ ಬರೆಯಲಿಲ್ಲ. ಮ್ಯಾನೇಜರ್ ಮೂರನೆಯ ವಾರಕ್ಕೆ ಪುಸ್ತಕ ತೆರೆದು ನೋಡಿ, ಮೊದಲ ಹಾಳೆ ಹಾಗೇ ಇರುವುದು ಕಂಡು, ಈ ಶನಿವಾರದೊಳಗೆ ಬರೆಯದಿದ್ದರೆ ಕೋಟು ಬಿಚ್ಚಿಡು ಎಂದ.

ಶುಕ್ರವಾರ ಸಂಜೆ ಜುವಾನಸಿ ನನ್ನ ಮನೆಗೆ ಬಂದ. ಚಹಾ ಕೊಟ್ಟೆ. ಕುಡಿಯಲಿಲ್ಲ.

"ಚಿಕ್ಕಪ್ಪ, ಮೊದಲನೇದು ಯಾರಿಗೆ ಕೊಡಬೇಕು ಅಂತ ನಿಂಗೆ ಗೊತ್ತಲ್ಲ."

ನನಗೆ ನಗು ಬಂತು. ಅವನ ಮುಖ ನೋಡಿ ನುಂಗಿಕೊಂಡೆ. "ಅದು ಮೀನಿಗೆ, ಸೀಲಿಗೆ ಕಣೋ. ಚೀಟಿಗೂ ಉಂಟಾ?"

"ಮೊದಲ ಸಲ ಅಂಗಡೀಲಿ ದುಡಿದಾಗ ಚಹಾ ಪೊಟ್ಟಣ ತಂದು ಯಾರಿಗೆ ಕೊಟ್ಟೆ? ಸನಜಿಗೆ. ಅವತ್ತು ಅದು ಮೀನಲ್ಲ ಅಂತ ನೀನು ಹೇಳಲಿಲ್ಲ. ಕೈ ನಂದು, ಗಳಿಸೋದು ನಾನು. ಬೇರೆಯವರಿಗೆ ಕೊಟ್ಟು ಕೈ ಸತ್ತೋದ್ರೆ? ಈ ಚಳಿಗಾಲ ಸೀಲು ಸಿಗದಿದ್ರೆ ಮಕ್ಕಳು ಏನ್ ತಿನ್ಬೇಕು? ಅವಳಿಗೆ ಕೊಡೋಣ ಅಂದ್ರೆ ಅವಳನ್ನ ಆ ಮನುಷ್ಯ ಏನ್ ಮಾಡಿದಾನೆ ಅಂತ ನೋಡಿದೀನಿ. ಕಿಟಕೀಲಿ ನಾನೂ ಇದ್ದೆ. ತಿರುಗಿಕೊಂಡೆ."

ನಾನು ಅವನನ್ನು ಕಳಿಸಿ ನೇರವಾಗಿ ಅತ್ತೆಯ ಮನೆಗೆ ಹೋದೆ. ಎಲ್ಲ ಹೇಳಿದೆ. ಅತ್ತೆ ದೀಪದ ಕಡೆ ತಿರುಗಿದಳು. ಪ್ರಾರ್ಥಿಸುತ್ತಿದ್ದಾಳೆ ಎಂದುಕೊಂಡೆ. ಆಮೇಲೆ ಅವಳ ಹೊಟ್ಟೆ ಕುಲುಕಿತು. ನಗುತ್ತಿದ್ದಳು.

"ಅಯ್ಯೋ ನನ್ನ ಕಂದ. ನಾನು ಮನೇಲಿ ಕೂತ್ಕೊಂಡು ಅವನ ಕೈ ಕಟ್ಟಿಹಾಕಿದೀನಲ್ಲೋ. ಒಳ್ಳೆ ಬೇಟೆಗಾರ ಬಂದ್ರೆ ಸೀಲು ತಾನಾಗೇ ಮೇಲೆ ಬಂದು ತನ್ನನ್ನ ಕೊಟ್ಕೊಳುತ್ತೆ ಅಂತಾರೆ. ನಾನು ಸೀಲಿಗಿಂತ ಕಡೇನಾ? ನಾಳೆ ಸಮುದ್ರ ದೂರ ಇಳಿಯೋ ದಿನ ಅಲ್ವಾ? ಚಿಪ್ಪುಮೀನು ಆರಿಸೋಕೆ ಹೋಗೋಣ. ಹೋಂಡಾ ತಾ."

"ಚೀಟಿ ಬಂದ್ರೆ ಹೋಂಡಾ ಹೋಗುತ್ತೆ ಅತ್ತೆ. ಆಮೇಲೆ ನಿನ್ನ ಗತಿ?"

"ಬಾಗಿಲಲ್ಲಿ ಸುಮ್ಮನೆ ನಿಂತಿರೋ ಹೋಂಡಾ ಯಾವ ಸೀಮೆ ಕಾಲು? ಹೋದ್ರೆ ಹೋಗ್ಲಿ. ತಾ."

ಮರುದಿನ ಬೆಳಗ್ಗೆ ಕ್ಯಾರಿಬೂ ಚರ್ಮ ಹಾಸಿ, ಅತ್ತೆಯನ್ನು ಎತ್ತಿ ಕೂರಿಸಿದೆ. ಹಗುರಾಗಿದ್ದಳು. ನನ್ನ ಬೆನ್ನಿಗೆ ಅವಳ ಮೊಮ್ಮಗಳು ಸಿಯಾಜಾ. ಸಿಯಾಜಾಳ ಕುಲಾವಿಯಲ್ಲಿ ಆರು ತಿಂಗಳ ಕೂಸು. ಅತ್ತೆಯ ಗಂಡ ತೀರಿಕೊಂಡ ಮೇಲೆ ಹುಟ್ಟಿದ ಕೂಸಾದ್ದರಿಂದ ಅವನಿಗೆ ಆ ಗಂಡನ ಹೆಸರೇ ಇಟ್ಟಿದ್ದಾರೆ, ಟೀವಿ ಎಂದು. ಹೆಸರು ಪಡೆದವನು ಸಂಬಂಧವನ್ನೂ ಪಡೆಯುತ್ತಾನೆ. ಅತ್ತೆ ಆ ಕೂಸನ್ನು ನಮ್ಮ ಯಜಮಾನರು ಎಂದೇ ಕರೆಯುವುದು.

"ನಮ್ಮ ಯಜಮಾನರು ಎದ್ರಾ?"

"ಎದ್ದು ಒಂದ್ಸಲ ಒದ್ದೆ ಮಾಡಿ ಮತ್ತೆ ಮಲಗಿದ್ರು ಅಜ್ಜಿ" ಅಂದಳು ಸಿಯಾಜಾ.

"ಬದುಕಿದ್ದಾಗಲೂ ಅಷ್ಟೇ."

ಕಡಲದಾರಿ ಇಕ್ಕಟ್ಟು. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಜವುಗು. ಊರೆಲ್ಲ ಬಕೆಟ್ಟು ಹಿಡಿದು ಹೊರಟಿತ್ತು. ಒಂದೊಂದು ಹೋಂಡಾದ ಮೇಲೆ ಒಬ್ಬೊಬ್ಬ. ಹೆಂಗಸರು ಪಕ್ಕದಲ್ಲಿ ಬೆವರುತ್ತ ನಡೆಯುತ್ತಿದ್ದರು. ಮುದುಕರು ಒಬ್ಬರೂ ಇರಲಿಲ್ಲ. ನಮ್ಮ ನಾಲ್ವರನ್ನು ಹೊತ್ತ ಹೋಂಡಾ ಬರುವುದನ್ನು ಕಂಡು ಎಲ್ಲರೂ ನಿಂತರು. ಆಲಾಸಿ, ಆಲಾಸಿ ಎಂದು ಹೆಸರು ಒಬ್ಬರಿಂದ ಒಬ್ಬರಿಗೆ ಹೋಯಿತು.

ತಿರುವಿನಲ್ಲಿ ಟ್ರಕ್ಕು. ಅದರ ಮುಂದೆ ಜುವಾನಸಿ. ಟ್ರಕ್ಕಿನೊಳಗಿನಿಂದ ದೊಡ್ಡಗಡ್ಡ ಇಳಿದು ಬಂದ. ಶನಿವಾರ ಮುಗಿಯುವುದರೊಳಗೆ ಕೆಲಸ ಆಗುತ್ತದೋ ಇಲ್ಲವೋ ನೋಡಲು ತಾನೇ ಬಂದಿದ್ದ. ನಮ್ಮನ್ನು ಕಂಡು ಅವನ ಗಡ್ಡ ಅರಳಿತು.

"ಮೂವರು ಪ್ಯಾಸೆಂಜರ್. ಬರಿ" ಅಂದ.

"ಮೂರನೇದು ಕೂಸು" ಅಂದಳು ಸಿಯಾಜಾ. "ನನ್ನ ಬಟ್ಟೆಯೊಳಗಿದೆ."

"ಕೂಸೂ ಪ್ಯಾಸೆಂಜರೇ."

ಜುವಾನಸಿ ಅದನ್ನು ನಮ್ಮ ಮಾತಿನಲ್ಲಿ ಅತ್ತೆಗೆ ಹೇಳಿದ. "ನಮ್ಮ ಯಜಮಾನರನ್ನ ಬಿಟ್ಟು ನಾನೆಲ್ಲಿಗೆ ಹೋಗ್ಲಿ ಅಂತ ಕೇಳು" ಎಂದಳು ಅತ್ತೆ. ಸುತ್ತ ನಿಂತವರು ನಕ್ಕರು. ದೊಡ್ಡಗಡ್ಡ ನಗಲಿಲ್ಲ.

ಜುವಾನಸಿ ಪುಸ್ತಕ ತೆಗೆದ. ಬರೆದ. ಹಾಳೆ ಹರಿದ. ಆಮೇಲೆ ಹೋಂಡಾದ ಹಿಂದಕ್ಕೆ ಬಂದು, ಟೋಪಿ ತೆಗೆದು, ಅತ್ತೆಯ ಬೆರಳಿಲ್ಲದ ಪಾದದ ಹತ್ತಿರ ಜಲ್ಲಿಯ ಮೇಲೆ ಮಂಡಿಯೂರಿ, ಎರಡು ಕೈಯಲ್ಲೂ ಆ ಚೀಟಿಯನ್ನು ಎತ್ತಿ ಹಿಡಿದ.

"ಸನಜಿ. ನನ್ನ ಮೊದಲನೇದು."



ಅತ್ತೆ ಚೀಟಿ ತೆಗೆದುಕೊಂಡಳು. ಹಿಂದೆ ಮುಂದೆ ತಿರುಗಿಸಿ ನೋಡಿದಳು. ತೂಕ ನೋಡಿದಳು, ಮೀನನ್ನು ನೋಡುವ ಹಾಗೆ. ಆಮೇಲೆ ತಲೆ ಹಿಂದಕ್ಕೆ ಎಸೆದು ಕೂಗಿದಳು. ಬಂಡೆಗೆ ಬಡಿದು ವಾಪಸು ಬರುವಂಥ ಕೂಗು.

"ನನ್ನ ಹುಡುಗ ಬೇಟೆ ತಂದ! ನಾನು ಮಾಡಿದ ಹುಡುಗ ಬೇಟೆ ತಂದ! ಎಷ್ಟು ಕೊಬ್ಬಿದೆ ನೋಡ್ರೇ!"

ಆಮೇಲೆ ದಾರಿಯ ಉದ್ದಕ್ಕೂ ಕೂಗು ಎದ್ದಿತು. ಹೆಂಗಸರು ಬಕೆಟ್ಟು ಬಡಿದರು. ಜುವಾನಸಿಯನ್ನು ಎತ್ತಿ ನಿಲ್ಲಿಸಿ ಕೈ ಕುಲುಕಿದರು. ಯಾರೋ ಅವನ ಬೆನ್ನಿಗೆ ಗುದ್ದಿದರು. ಅತ್ತೆ ಕೂತಲ್ಲೇ ಭುಜ ಕುಣಿಸಿದಳು. ಚೀಲದಿಂದ ತನ್ನ ಚಾಕು ತೆಗೆದಳು. ಅರ್ಧ ಚಂದ್ರದ ಹಾಗೆ ಬಾಗಿದ, ಹೆಂಗಸರು ಮೀನು ಕೊಯ್ಯುವ ಚಾಕು. ಬಕೆಟ್ಟಿನ ಮುಚ್ಚಳ ತೊಡೆಯ ಮೇಲಿಟ್ಟು, ಚೀಟಿಯನ್ನು ಅದರ ಮೇಲೆ ಹರಡಿ, ಕೊಯ್ಯತೊಡಗಿದಳು.

"ಏನು ಮಾಡುತ್ತಿದ್ದಾಳೆ? ಅದು ಸರ್ಕಾರಿ ಕಾಗದ!"

"ಗೊತ್ತಂತೆ" ಎಂದು ನಾನು ಅತ್ತೆಯ ಮಾತನ್ನು ಇಂಗ್ಲಿಷಿಗೆ ತಿರುಗಿಸಿದೆ. "ಅದಕ್ಕೇ ಸಣ್ಣಸಣ್ಣದಾಗಿ ಕೊಯ್ತಿದಾಳಂತೆ. ಎಲ್ಲರಿಗೂ ಸಾಲಬೇಕಲ್ಲ."

ಜನ ಸಾಲು ನಿಂತರು. ಒಬ್ಬೊಬ್ಬರಿಗೂ ಉಗುರಿನಷ್ಟು ಚೂರು. ನೀರಿನ ಟ್ರಕ್ಕು ಓಡಿಸುವವನಿಗೆ, ಶಾಲೆ ಗುಡಿಸುವವಳಿಗೆ, ಕರೆಂಟಿನ ಮನೆ ನೋಡಿಕೊಳ್ಳುವವನಿಗೆ, ವಿಮಾನದ ಮೈದಾನದವಳಿಗೆ. "ತಲೆ ಭಾಗ ನಂಗೆ ಬೇಕು" ಎಂದು ಒಬ್ಬಳು ಜಗಳ ತೆಗೆದಳು. ಮೇಯರ್ ಇಲೈಜಾ ಹಿಂದೆ ಹಿಂದೆ ಸರಿಯುತ್ತಿದ್ದ.

"ಇಲೈಜಾ, ನಿನ್ನ ಬಳ್ಳಿ ಕೊಯ್ದಿದ್ದೂ ನಾನೇ ಅಲ್ವೇನೋ? ಬಾ, ನಾಚ್ಕೋಬೇಡ" ಎಂದು ಅತ್ತೆ ಕರೆದಳು. ಅವನು ಬಂದು ತಲೆ ತಗ್ಗಿಸಿ ತೆಗೆದುಕೊಂಡ. ಜುವಾನಸಿಗೆ ಯಾರೂ ಕೊಡಲಿಲ್ಲ. ಅವನು ಕೇಳಲೂ ಇಲ್ಲ. ಅವನ ಮುಖ ಹೊಳೆಯುತ್ತಿತ್ತು.

ಕೊನೆಯ ಚೂರನ್ನು ಅತ್ತೆ ದೊಡ್ಡಗಡ್ಡನ ಕಡೆ ಚಾಚಿದಳು.

"ನಿಂದು. ಇಲ್ಲಿ ನಿಂತಿರೋನಿಗೆ ಪಾಲಿಲ್ಲ ಅಂದ್ರೆ ನಮ್ಮ ಮರ್ಯಾದೆ ಏನಾಗ್ಬೇಕು?"

ಅವನು ಮುಟ್ಟಲಿಲ್ಲ. ಮುಖ ಕೆಂಪಾಗಿತ್ತು. "ಆಕೆಯನ್ನು ಇಳಿಸು. ಹೋಂಡಾ ಜಪ್ತಿ."

ಅದನ್ನು ಅತ್ತೆಗೆ ಹೇಳಿದೆ. ಅತ್ತೆ ಚಾಕು ಒರೆಸಿ ಚೀಲಕ್ಕಿಟ್ಟಳು. ಕೈ ಎರಡನ್ನೂ ತೊಡೆಯ ಮೇಲಿಟ್ಟುಕೊಂಡಳು.

"ನಾನು ಇಳಿಯಲ್ಲ."

ಕೂಗಲಿಲ್ಲ. ಚಹಾ ಬೇಡ ಎನ್ನುವ ಹಾಗೆ ಹೇಳಿದಳು.

"ಇಳಿಯಲೇಬೇಕು."

"ಅವತ್ತು ಇಳಿದೆ. ಇವತ್ತು ಇಳಿಯಲ್ಲ. ಎತ್ತಿ ಇಳಿಸೋದಾದ್ರೆ ಎತ್ತು. ನನ್ನ ಮೈ ಮುಟ್ಟೋಕೆ ಮೊದ್ಲು ಇವರನ್ನೆಲ್ಲ ಒಂದ್ಸಲ ನೋಡ್ಕೋ. ಹೆಚ್ಚಿನೋರು ಈ ಲೋಕಕ್ಕೆ ಬಂದಾಗ ಮೊದ್ಲು ಹಿಡ್ಕೊಂಡ ಕೈ ಇದು."

ಅವನು ಸುತ್ತ ನೋಡಿದ. ಯಾರೂ ಮುಷ್ಟಿ ಬಿಗಿದಿರಲಿಲ್ಲ. ಎಲ್ಲರೂ ನಗುಮುಖದಲ್ಲೇ ಇದ್ದರು. ಅದು ಅವನಿಗೆ ಇನ್ನೂ ಕಷ್ಟವಾಯಿತೆಂದು ಕಾಣುತ್ತದೆ. ಜುವಾನಸಿಯ ಕಡೆ ತಿರುಗಿದ. "ಕೀಲಿ ಕಿತ್ತುಕೋ."

"ಇವತ್ತು ನಂಗೆ ಮೊದಲ ಬೇಟೆಯ ಹಬ್ಬ" ಎಂದ ಜುವಾನಸಿ. "ಹಬ್ಬದ ದಿನ ಕೆಲಸ ಮಾಡಿದ್ರೆ ಪಾಪ. ಕೋಟು ಬೇಕಾದ್ರೆ ತಗೊಳ್ಳಿ, ಬಿಸಿಲಿದೆ." ಬಿಚ್ಚಿ ಟ್ರಕ್ಕಿನ ಮೂತಿಯ ಮೇಲೆ ಹಾಕಿದ. ಅವನ ಹೆಂಡತಿ ಒಂದು ಕ್ಷಣ ಕಣ್ಣು ಮುಚ್ಚಿಕೊಂಡಿದ್ದು ಕಂಡೆ. ಆಮೇಲೆ ಎಲ್ಲರಿಗಿಂತ ಜೋರಾಗಿ ಬಕೆಟ್ಟು ಬಡಿದವಳು ಅವಳೇ.

ನಾನು ನನ್ನ ಕೀಲಿ ಕಿತ್ತು ದೊಡ್ಡಗಡ್ಡನ ಕೈಗಿಟ್ಟೆ. ಅತ್ತೆಯನ್ನು ಮಾತ್ರ ನಾನು ಇಳಿಸುವುದಿಲ್ಲ, ನೀವೇ ನೋಡಿಕೊಳ್ಳಿ ಎಂದೆ. ಆಗ ನೀರಿನ ಟ್ರಕ್ಕಿನವನು ಮುಂದೆ ಬಂದ.

"ನಂಗೂ ಚೀಟೀಲಿ ಪಾಲಿದೆ. ನನ್ನ ಹೋಂಡಾನೂ ತಗೊಳ್ಳಿ."

"ನಂದೂ."

"ಇಗೋ ನಂದೂ. ಬ್ರೇಕ್ ಸ್ವಲ್ಪ ಸಡಿಲ, ನೋಡಿಕೊಂಡು ಓಡ್ಸಿ."

ಕೀಲಿಗಳು ಸುರಿದವು. ಅವನ ಎರಡು ಕೈಯೂ ತುಂಬಿ, ಕೋಟಿನ ಜೇಬುಗಳು ತುಂಬಿ, ಮಿಕ್ಕವು ನೆಲಕ್ಕೆ ಬಿದ್ದವು. ಅವನು ಹಠ ಬಿಡಲಿಲ್ಲ. ಟ್ರಕ್ಕು ಹತ್ತಿ ತಿರುಗಿಸಲು ನೋಡಿದ. ಮುಂದೆ ಹೋಂಡಾ, ಹಿಂದೆ ಹೋಂಡಾ, ಪಕ್ಕದಲ್ಲಿ ಜವುಗು.

"ಇವನ್ನೆಲ್ಲ ಪಕ್ಕಕ್ಕೆ ಸರಿಸಿ!"

"ಈಗ ಅವು ನಮ್ಮವಲ್ಲವಲ್ಲ" ಎಂದಳು ಸಿಯಾಜಾ. "ಕಚೇರಿ ಗಾಡಿ. ನೌಕರರಿಗೆ ಮಾತ್ರ."

ಅವನು ಒಂದು ಹೋಂಡಾ ಹತ್ತಿದ. ತಾನೇ ಗ್ಯಾರೇಜಿಗೆ ಒಯ್ಯುತ್ತೇನೆ ಎಂದು ಹೊರಟ. ಒಬ್ಬನೇ. ನಿಯಮದ ಪ್ರಕಾರ. ನಾವು ಕೆಟಲ್ಲು ಇಳಿಸಿ, ಒಣಗಿದ ಕುರುಚಲು ಕೂಡಿಸಿ ಬೆಂಕಿ ಹಾಕಿದೆವು. ರೊಟ್ಟಿ ಬಂತು, ಒಣಮೀನು ಬಂತು. ನಮ್ಮ ಯಜಮಾನರು ಎದ್ದು ಹಾಲು ಕುಡಿದು ಸಮುದ್ರ ನೋಡಿದರು. ಬಹಳ ಹೊತ್ತಾದ ಮೇಲೆ ಊರಿನ ಕಡೆಯಿಂದ ಒಂದು ಚುಕ್ಕೆ ಕಾಣಿಸಿತು. ನಡೆದು ಬರುತ್ತಿದ್ದ. ಇನ್ನೊಂದು ಹೋಂಡಾ ಒಯ್ಯಲು ವಾಪಸು ಬರಬೇಕಲ್ಲ. ಕರೆತರಲು ಯಾರೂ ಕೂರಿಸಿಕೊಳ್ಳುವಂತಿಲ್ಲವಲ್ಲ.

ಬಂದ. ಎರಡನೆಯದು ಹತ್ತಿ ಹೋದ. ಎರಡನೆಯ ಸಲ ಚುಕ್ಕೆ ಬಹಳ ನಿಧಾನ ಬಂತು. ಕುಂಟುತ್ತಿತ್ತು. ಏರಿನಲ್ಲಿ ನಿಂತಿತು. ಒಂದು ಕಲ್ಲಿನ ಮೇಲೆ ಕೂತಿತು.

ಎಲ್ಲರೂ ನಕ್ಕರು. ನಾನೂ ನಕ್ಕೆ. ನನ್ನೊಳಗಿನದು ಒಳ್ಳೆಯ ನಗುವಾಗಿರಲಿಲ್ಲ. ಅತ್ತೆ ನಗಲಿಲ್ಲ. ಅವಳು ಬೆಳಗ್ಗೆಯಿಂದ ಹೋಂಡಾ ಬಿಟ್ಟು ಇಳಿದಿರಲಿಲ್ಲ. ಹಿಂದಕ್ಕೆ ಮುಖ ಮಾಡಿ ಕೂತವಳು. ದಾರಿ ಅವಳಿಗೇ ಚೆನ್ನಾಗಿ ಕಾಣುತ್ತಿತ್ತು.

"ಪುಟುಲಿಕ್, ಹೋಗಿ ಕರ್ಕೊಂಡು ಬರೋಣ."

"ನಡೀಲಿ ಬಿಡು ಅತ್ತೆ. ಗೊತ್ತಾಗ್ಲಿ."

"ಆ ದಾರೀಲಿ ನಡೆದೋಳು ನಾನು. ಹೆಂಗಿರುತ್ತೆ ಅಂತ ನಂಗೊತ್ತು, ನಿಂಗೊತ್ತಿಲ್ಲ. ಸ್ಟಾರ್ಟ್ ಮಾಡು."

"ಕೀಲಿ ಅವನ ಜೇಬಲ್ಲಿದೆ."

ಅತ್ತೆ ನನ್ನನ್ನು ಸುಮ್ಮನೆ ನೋಡಿದಳು. ನಮ್ಮ ಊರಿನಲ್ಲಿ ಕೀಲಿ ಇಲ್ಲದೆ ಹೋಂಡಾ ಓಡಿಸಲು ಬಾರದವರು ಯಾರಿದ್ದಾರೆ? ನಾನು ಬಗ್ಗಿ ಎರಡು ವೈರು ಸೇರಿಸಿದೆ. ಸಿಯಾಜಾ ಕೂಸಿನೊಂದಿಗೆ ಮತ್ತೆ ನನ್ನ ಬೆನ್ನಿಗೆ ಹತ್ತಿ ಕೂತಳು.

ಹತ್ತಿರ ಹೋದಾಗ ಅವನು ಎದ್ದು ನಿಂತ. ಬೂಟು ಒಂದು ಬಿಚ್ಚಿತ್ತು. ಕಾಲುಚೀಲದಲ್ಲಿ ರಕ್ತ. ಹೋಂಡಾ ನೋಡಿದ, ಅದರ ಮೇಲಿದ್ದ ನಮ್ಮನ್ನು ನೋಡಿದ.

"ನಾನು ಹತ್ತುವಂತಿಲ್ಲ" ಎಂದ.

"ಹಂಗಾದ್ರೆ ನಡೀರಿ" ಎಂದು ನಾನು ಗಾಡಿ ತಿರುಗಿಸಿದೆ. "ನಿಧಾನವಾಗಿ ಹಿಂದೇನೇ ಬರ್ತೀವಿ."

ನಾಲ್ಕು ಹೆಜ್ಜೆ ನಡೆದ. ಐದನೆಯದು ಇಡಲಾಗಲಿಲ್ಲ. ಅತ್ತೆ ಚರ್ಮದ ಮೇಲೆ ಒಂದು ಪಕ್ಕಕ್ಕೆ ಸರಿದು ಅಂಗೈಯಿಂದ ಜಾಗ ತಟ್ಟಿದಳು. ಅವನು ಹತ್ತಿದ.

"ಕಬ್ಬಿಣ ಹಿಡ್ಕೋ. ಗಟ್ಟಿಯಾಗಿ. ಗಡ್ಡ ಒಳಗೆ ಹಾಕ್ಕೋ, ಚಕ್ರಕ್ಕೆ ಸಿಕ್ಕೀತು." ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವನು ಗಡ್ಡವನ್ನು ನಿಜವಾಗಿಯೂ ಕೋಟಿನೊಳಗೆ ತುರುಕಿಕೊಂಡ.

ನಾವು ಐವರು ತಿರುವು ದಾಟಿ ಬಂದಾಗ ಬೆಂಕಿಯ ಸುತ್ತ ಕೂತವರು ಎದ್ದು ಕೂಗಿದರು, ಮೊದಲ ಬೇಟೆಗೆ ಕೂಗುವ ಕೂಗು. "ಪುಟುಲಿಕ್ ಬೇಟೆ ತಂದ! ಕೊಬ್ಬು ನೋಡ್ರೋ! ಗಡ್ಡ ನೋಡ್ರೋ!"

"ಕೊಯ್ದು ಹಂಚ್ಲಾ?" ಎಂದು ಅತ್ತೆ ಚೀಲಕ್ಕೆ ಕೈ ಹಾಕಿದಳು. ಅದನ್ನು ಯಾರೂ ಇಂಗ್ಲಿಷಿಗೆ ತಿರುಗಿಸಬೇಕಾಗಲಿಲ್ಲ. ಅವನು ಕೂತಲ್ಲೇ ಬೆಚ್ಚಿದ. ಆಮೇಲೆ, ಕರ್ತನಿಗೆ ಸ್ತೋತ್ರ, ನಕ್ಕ. ಬಂದಾಗಿನಿಂದ ಮೊದಲ ಸಲ ಅವನ ಹಲ್ಲು ನೋಡಿದ್ದು.

ಕೀಲಿಗಳನ್ನು ತೆಗೆದು ತೆಗೆದು ಕ್ಯಾರಿಬೂ ಚರ್ಮದ ಮೇಲೆ ರಾಶಿ ಹಾಕಿದ. ಕ್ಷಮಿಸಬೇಕು ಎಂದ. ನಾನು ಅತ್ತೆಗೆ ಹೇಳಿದೆ.

"ಬಾಯಲ್ಲಿ ಬೇಡ. ಅಂಗಡಿ ಬಾಗಿಲಲ್ಲಿ ಅಂಟಿಸಿದಾನಲ್ಲ, ಅದನ್ನ ಕೀಳ್ಲಿ. ಈ ಹುಡುಗನ ಕೋಟು ಈ ಹುಡುಗಂಗೆ ಕೊಡ್ಲಿ. ನಾಯಿ ಕಟ್ಟೋದು, ಕಸ ನೋಡೋದು, ಬೇಕಾದಷ್ಟು ಕೆಲಸ ಇದೆ."

"ಸೋಮವಾರ ಸಭೆ ಕರೆದು..." ಎಂದು ಅವನು ಶುರು ಮಾಡಿದ.

ಇಲೈಜಾ ಮುಂದೆ ಬಂದ. ಮೇಯರ್ ಆದಮೇಲೆ ಅವನು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ. "ಸೋಮವಾರ ಯಾಕೆ? ಸಭೆಯವರೆಲ್ಲ ಇಲ್ಲೇ ಇದಾರೆ. ಹೊತ್ಕೊಂಡು ಹೋಗಬಾರದು ಅನ್ನೋ ಆ ನಿಯಮ ಬೇಡ ಅನ್ನೋರು ಕೈ ಎತ್ತಿ." ಸಭೆಯವರೂ ಎತ್ತಿದರು, ಅಲ್ಲದವರೂ ಎತ್ತಿದರು. ಸಿಯಾಜಾ ಕೂಸಿನ ಕೈಯನ್ನೂ ಎತ್ತಿದಳು. ದೊಡ್ಡಗಡ್ಡ ವಿಮೆಯವರಿಗೆ ಏನು ಹೇಳಲಿ ಎಂದು ಗೊಣಗಿದ. "ಬಂದು ನೋಡ್ಲಿ. ಕೂರೋಕೆ ಜಾಗ ಮಾಡಿ ಕೊಡ್ತೀವಿ" ಎಂದ ಇಲೈಜಾ.

"ಮಾತು ಸಾಕ್ರೋ. ನೀರು ತಿರುಗೋ ಹೊತ್ತಾಯ್ತು" ಎಂದಳು ಅತ್ತೆ.

ಹೋಂಡಾಗಳೆಲ್ಲ ಒಮ್ಮೆಗೇ ಕೆಮ್ಮಿ ಎದ್ದವು. ಕೆಲವು ಊರಿನ ಕಡೆ ಓಡಿದವು, ಮನೆಗಳಲ್ಲಿ ಉಳಿದಿದ್ದ ಮುದುಕರನ್ನು ತರಲು. ನಾವು ದಾರಿ ಮುಗಿಯುವಲ್ಲಿ ನಿಲ್ಲದೆ ಕೆಳಗಿಳಿದೆವು. ಸಮುದ್ರ ಇದ್ದ ಜಾಗಕ್ಕೆ ಇಳಿದೆವು. ನೀರು ದೂರ ಹೋಗಿತ್ತು. ನೆಲ ಒದ್ದೆಯಾಗಿ ಹೊಳೆಯುತ್ತಿತ್ತು. ಕಲ್ಲುಕಲ್ಲಿಗೂ ನೀಲಿ ಚಿಪ್ಪುಗಳು ಗೊಂಚಲು ಗೊಂಚಲು. ಚಿಪ್ಪಿನ ಬಂಡೆಗಳ ನಡುವೆ ಒಂದು ಮರಳಿನ ತೇಪೆ ಮೆತ್ತಗಿತ್ತು.

"ಇಲ್ಲಿ ನಿಲ್ಸು" ಎಂದಳು ಅತ್ತೆ.

ನಾನು ಕೈ ಚಾಚಿದೆ. ಅವಳು ಬೇಡವೆಂದು ತಲೆಯಾಡಿಸಿದಳು. ಕಬ್ಬಿಣ ಹಿಡಿದು, ಹೆಬ್ಬೆರಳಿದ್ದ ಕಾಲನ್ನು ಮೊದಲು ಕೆಳಗಿಟ್ಟು, ತಾನೇ ಇಳಿದಳು.